ಗೀಚು ಬಂದರೆ ಹೆದರಬೇಡಿ, ಪ್ರಶ್ನೆ ಚಿಹ್ನೆ ಬಂದರೆ ಹೆದರಿ

ಪ್ರಶ್ನೆ: ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಮಾಡಿದ ಹೆಸರುಗಳ ಪಟ್ಟಿಯನ್ನು (ಸಿಎಸ್‌ವಿ ಫೈಲ್) ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ ವಿಂಡೋಸ್ ಕಂಪ್ಯೂಟರಿನ ಎಕ್ಸೆಲ್‌ನಲ್ಲಿ ತೆರೆದೆ. ಕನ್ನಡ ಇದ್ದ ಕಡೆಯೆಲ್ಲ ಗೀಚು ಗೀಚು. ಇಂಗ್ಲಿಷ್, ಅಂಕಿ ಮಾತ್ರ ಸರಿಯಾಗಿವೆ. ಫೈಲ್ ಹಾಳಾಯಿತೇ? ಫಾಂಟ್ ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ಹಾಳಾಗಿಲ್ಲ. ಫಾಂಟಿಗೂ ಇದಕ್ಕೂ ಸಂಬಂಧವಿಲ್ಲ. ಫಾಂಟ್ ಇಲ್ಲದಿದ್ದರೆ ಸಾಮಾನ್ಯವಾಗಿ ಖಾಲಿ ಚೌಕಗಳು ಕಾಣುತ್ತವೆ, ಗೀಚು ಬರುವುದಿಲ್ಲ.

ಫೈಲಿನೊಳಗೆ ಇರುವುದು ಬರೀ ಅಂಕಿಗಳು. ಯಾವ ಅಂಕಿಗೆ ಯಾವ ಅಕ್ಷರ ಅನ್ನುವುದಕ್ಕೆ ಒಂದು ಪಟ್ಟಿ ಬೇಕು, ಬರೆದವರು ಒಂದು ಪಟ್ಟಿ ಹಿಡಿದು ಓದುವವರು ಇನ್ನೊಂದು ಹಿಡಿದರೆ ಹೀಗೇ ಆಗುವುದು. ಲಿನಕ್ಸ್ ಬರೆದದ್ದು ಯುಟಿಎಫ್-8 ಅನ್ನುವ ಪಟ್ಟಿ ಹಿಡಿದು. ಅಲ್ಲಿ 'ಕ' ಅಂದರೆ ಮೂರು ಬೈಟ್, ಅಂದರೆ ಮೂರು ಅಂಕಿ: 224, 178, 149. ಎಕ್ಸೆಲ್ ಅದನ್ನು ವಿಂಡೋಸಿನ ಹಳೆಯ 1252 ಪಟ್ಟಿ ಹಿಡಿದು ಓದಿದೆ. ಅದರಲ್ಲಿ ಒಂದೊಂದು ಬೈಟೂ ಒಂದೊಂದು ಅಕ್ಷರ. 224 ಅಂದರೆ ತಲೆ ಮೇಲೆ ಓರೆ ಗೆರೆ ಇರುವ ಇಂಗ್ಲಿಷ್ 'ಎ', 178 ಅಂದರೆ ಲೆಕ್ಕದಲ್ಲಿ ವರ್ಗಕ್ಕೆ ಹಾಕುವ ಪುಟ್ಟ 2, 149 ಒಂದು ದಪ್ಪ ಚುಕ್ಕೆ. ಗೆರೆ ಹೊತ್ತ 'ಎ', ಪಕ್ಕದಲ್ಲೇ ಪುಟ್ಟ 2 ಅಥವಾ 3, ಇದೇ ಮತ್ತೆ ಮತ್ತೆ ಕಾಣುತ್ತಿದೆ ಅಲ್ವಾ? ಹಾಗಿದ್ದರೆ ಅನುಮಾನವೇ ಬೇಡ. ಇಂಗ್ಲಿಷ್ ಕೆಡಲಿಲ್ಲ, ಯಾಕೆಂದರೆ 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಯುಟಿಎಫ್-8 ರೂಪಿಸುವಾಗ ಇಂಗ್ಲಿಷಿನ ಹಳೆಯ ಪಟ್ಟಿಯಾದ ಆಸ್ಕಿಯ 128 ಅಂಕಿಗಳನ್ನು ಇದ್ದ ಹಾಗೇ ಬಿಟ್ಟರು.

ಈಗ ಮಾಡಬೇಕಾದದ್ದು ಇಷ್ಟು. ಆ ಫೈಲನ್ನು ಸೇವ್ ಮಾಡದೆ ಮುಚ್ಚಿ. ಖಾಲಿ ಹಾಳೆ ತೆರೆದು 'ಡೇಟಾ' ಮೆನುವಿನ 'ಫ್ರಮ್ ಟೆಕ್ಸ್ಟ್/ಸಿಎಸ್‌ವಿ' ಒತ್ತಿ, 'ಫೈಲ್ ಒರಿಜಿನ್' ಅನ್ನುವಲ್ಲಿ 65001 (ಯುಟಿಎಫ್-8ಕ್ಕೆ ವಿಂಡೋಸ್ ಕೊಟ್ಟ ಸಂಖ್ಯೆ) ಆರಿಸಿ. ಕನ್ನಡ ಬಂದುಬಿಡುತ್ತದೆ.

ನಿಜವಾದ ಅಪಾಯ ಇರುವುದು ಇದರ ಮುಂದೆ. ಕನ್ನಡ ಚೆನ್ನಾಗಿ ಕಾಣುತ್ತಿದೆ ಅಂತ ಖುಷಿಯಲ್ಲಿ ಮಾಮೂಲಿ 'ಸಿಎಸ್‌ವಿ' ಅಂತಲೇ ಸೇವ್ ಮಾಡಿದರೆ, 1252 ಪಟ್ಟಿಯಲ್ಲಿ ಕನ್ನಡವೇ ಇಲ್ಲವಲ್ಲ, ಒಂದೊಂದು ಅಕ್ಷರದ ಜಾಗದಲ್ಲೂ ಒಂದು ಪ್ರಶ್ನೆ ಚಿಹ್ನೆ ಕೂರುತ್ತದೆ. ಗೀಚಿನ ಹಿಂದೆ ಮೂಲ ಬೈಟ್‌ಗಳು ಇರುತ್ತವೆ, ಪ್ರಶ್ನೆ ಚಿಹ್ನೆಯ ಹಿಂದೆ ಏನೂ ಇರುವುದಿಲ್ಲ. ಅದಕ್ಕೇ 'ಸಿಎಸ್‌ವಿ ಯುಟಿಎಫ್-8' ಅನ್ನುವುದನ್ನೇ ಆರಿಸಿ. ಅದು ಫೈಲಿನ ತಲೆಗೆ ಬಿಒಎಂ ಅನ್ನುವ ಮೂರು ಬೈಟ್‌ಗಳ ಗುರುತು ಹಚ್ಚುತ್ತದೆ, ಮುಂದೆ ಡಬಲ್ ಕ್ಲಿಕ್ ಮಾಡಿದರೂ ಎಕ್ಸೆಲ್ ಸರಿಯಾಗಿ ಓದುತ್ತದೆ. ಆದರೆ ಅದೇ ಫೈಲ್ ವಾಪಸ್ ಲಿನಕ್ಸ್‌ಗೆ ಹೋದರೆ ಕೆಲವು ಪ್ರೋಗ್ರಾಂಗಳು ಆ ಗುರುತನ್ನು ಮೊದಲ ಕಾಲಂನ ಹೆಸರಿಗೇ ಅಂಟಿಸಿಕೊಳ್ಳುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಕಾಲಂ ಮಾತ್ರ ಸಿಗುವುದಿಲ್ಲ. ಇದರ ಹಿಂದೆ ನಾನೇ ಅರ್ಧ ದಿನ ಸುಮ್ನೆ ಕಳೆದಿದ್ದೇನೆ.

ಪ್ರಶ್ನೆ: ಹಳೆಯ ಮ್ಯಾಕ್‌ನಿಂದ ತಂದ 'ಫೋಟೋ' ಎಂಬ ಫೋಲ್ಡರ್ ಲಿನಕ್ಸ್‌ನಲ್ಲಿ ಕಣ್ಣೆದುರೇ ಇದೆ. ಹೆಸರು ಟೈಪ್ ಮಾಡಿ ಹುಡುಕಿದರೆ ಇಲ್ಲ ಅನ್ನುತ್ತದೆ!

ಉತ್ತರ: ಎರಡೂ ಬೇರೆ ಬೇರೆ 'ಫೋಟೋ'. ಓಕಾರದ ಗುರುತನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡು ಮಾಡಿಯೂ ಬರೆಯಬಹುದು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರುಗಳನ್ನು ತುಂಡು ಮಾಡಿ ಇಡುತ್ತಿತ್ತು. ನೀವು ಟೈಪ್ ಮಾಡಿದ್ದರಲ್ಲಿ ನಾಲ್ಕು ಸಂಕೇತ, ಮ್ಯಾಕ್ ಇಟ್ಟ ಹೆಸರಿನಲ್ಲಿ ಎಂಟು. ಒಂದೇ ಫೋಲ್ಡರ್ ಆದರೆ ಹೆಸರು ಅಳಿಸಿ ನಿಮ್ಮ ಕೀಬೋರ್ಡಿನಲ್ಲೇ ಮತ್ತೆ ಟೈಪ್ ಮಾಡಿ. ಜಾಸ್ತಿ ಇದ್ದರೆ 'ಕಾನ್ವ್‌ಎಮ್‌ವಿ' ಅನ್ನುವ ಪುಟ್ಟ ಟೂಲ್‌ಗೆ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳನ್ನು ಸೇರಿಸಿ ಒಂದೇ ಸಂಕೇತವಾಗಿಸಿದ ರೂಪಕ್ಕೆ, ಬದಲಿಸಲು ಹೇಳಿ. ಮೊದಲ ಸಲ ಅದು ಏನೇನು ಬದಲಿಸುತ್ತೇನೆ ಅಂತ ತೋರಿಸುತ್ತದೆ ಅಷ್ಟೆ, ನೋಡಿ ಆಮೇಲೆ ಒಪ್ಪಿಗೆ ಕೊಡಿ.