ಕುತೂಹಲ ತಣಿಸಿಕೊಳ್ಳಲು ವಾರ್ಡಿಗೆ ಹೋಗಬೇಡಿ

ಆಸ್ಪತ್ರೆಯ ಚಾಪ್ಲೇನ್‌ಗಳಿಗೆ, ಅಂದರೆ ರೋಗಿಗಳ ಆಧ್ಯಾತ್ಮಿಕ ಆರೈಕೆ ನೋಡಿಕೊಳ್ಳುವವರಿಗೆ, ತರಬೇತಿ ಕೊಡುವುದು ನನ್ನ ಕೆಲಸ. ಟ್ರಾನ್ಸ್‌ಜೆಂಡರ್ ರೋಗಿಗಳ ವಿಷಯ ಬಂದಾಗಲೆಲ್ಲ ಅವೇ ಪ್ರಶ್ನೆಗಳು. ಕೇಳಿ ಕೇಳಿ ಬೇಸರವಾಗಿದೆ. ಆದರೂ ಉತ್ತರಿಸುತ್ತೇನೆ, ಏಕೆಂದರೆ ನಮ್ಮ ಅರೆಬೆಂದ ತರಬೇತಿಯ ನೋವು ತಿನ್ನುವವರು ಹಾಸಿಗೆ ಹಿಡಿದವರು.

ಪ್ರಶ್ನೆ: ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಬಗ್ಗೆ ಯಾವ ಧರ್ಮ ಏನು ಹೇಳುತ್ತದೆ ಎಂದು ಅರ್ಧ ದಿನದ ಉಪನ್ಯಾಸ ಇಟ್ಟಿದ್ದೇವೆ. ಸಾಲದೇ?

ಸಾಲದು. ಉಪನ್ಯಾಸ ಕೇಳಿದವರು ಅದನ್ನೇ ಹೊತ್ತುಕೊಂಡು ಹೋಗಿ ರೋಗಿಯ ಮುಂದೆ ಸುರಿಯುತ್ತಾರೆ. 1925ರಲ್ಲಿ ಅಮೆರಿಕದ ವೂಸ್ಟರ್ ಸ್ಟೇಟ್ ಆಸ್ಪತ್ರೆಯಲ್ಲಿ ಧರ್ಮಶಾಸ್ತ್ರದ ವಿದ್ಯಾರ್ಥಿಗಳಿಗೆ ತರಬೇತಿ ಶುರುಮಾಡಿದ ಆಂಟನ್ ಬಾಯ್ಸೆನ್, ಗ್ರಂಥಗಳನ್ನು ಓದುವಷ್ಟೇ ಶ್ರದ್ಧೆಯಿಂದ ರೋಗಿಗಳನ್ನೂ ಓದಿ ಎಂದರು. ಅವರು ಸ್ವತಃ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಯಾಗಿದ್ದವರು. ಆ ದಾರಿಯನ್ನು ನಾವೇಕೆ ಬಿಡಬೇಕು?

ನಮ್ಮಲ್ಲಿ ವರ್ಬೇಟಿಮ್ ಎಂಬ ಪದ್ಧತಿ ಇದೆ. ಭೇಟಿ ಮುಗಿದ ಕೂಡಲೇ ಇಬ್ಬರೂ ಆಡಿದ ಮಾತನ್ನು ನೆನಪಿದ್ದಂತೆ ಸಾಲುಸಾಲಾಗಿ ಬರೆದು ಗುಂಪಿನಲ್ಲಿ ಓದುವುದು. ತರಬೇತಿ ಆಗಬೇಕಾದದ್ದು ಇಲ್ಲಿ. ಇಂಥ ಒಂದು ಬರಹ ಹೀಗಿರುತ್ತದೆ: ಮರುದಿನ ಪಿತ್ತಕೋಶದ ಆಪರೇಷನ್ ಇರುವ ಟ್ರಾನ್ಸ್ ಮಹಿಳೆ, "ಅರಿವಳಿಕೆ ಕೊಟ್ಟ ಮೇಲೆ ಎಚ್ಚರವೇ ಆಗದಿದ್ದರೆ ಅಂತ ಭಯ" ಎನ್ನುತ್ತಾರೆ. ಕಲಿಯುತ್ತಿರುವವರು, "ನೀವು ಹೀಗೆ ಬದಲಾದದ್ದನ್ನು ಮನೆಯವರು ಒಪ್ಪಿದರಾ?" ಎಂದು ಕೇಳುತ್ತಾರೆ. ಅಲ್ಲಿಂದ ಮುಂದೆ ರೋಗಿಯ ಸಾಲುಗಳು ಗಿಡ್ಡವಾಗುತ್ತವೆ. "ಹೂಂ." "ಪರವಾಗಿಲ್ಲ." "ಆಯ್ತು, ಮಲಗ್ತೀನಿ." ಆ ಪ್ರಶ್ನೆ ಯಾರ ಅಗತ್ಯಕ್ಕೆ ಬಂತು ಎಂದು ಗುಂಪು ಕೇಳಲಿ. ಕೇಳಿದವರು ತಮ್ಮ ಕುತೂಹಲವನ್ನೋ ಮುಜುಗರವನ್ನೋ ಬಾಯಿಬಿಟ್ಟು ಹೇಳಲಿ. ಸಾವಿನ ಭಯದ ಹತ್ತಿರ ಕೂರಲಾಗದೆ ಲಿಂಗತ್ವದ ಮಾತಿಗೆ ಹಾರಿದ್ದು ಅವರಿಗೇ ಕಾಣಬೇಕು. ಇದನ್ನು ಯಾವ ಉಪನ್ಯಾಸವೂ ಮಾಡಿಸುವುದಿಲ್ಲ.

ಟ್ರಾನ್ಸ್‌ಜೆಂಡರ್ ಸಮುದಾಯದವರನ್ನೇ ತರಬೇತುದಾರರಾಗಿ ಕರೆಯಿರಿ, ಸಂಭಾವನೆಯನ್ನೂ ಕೊಡಿ. ದಾಖಲಾಗಿರುವ ರೋಗಿಯನ್ನು ತರಗತಿಗೆ ತಂದು ಕೂರಿಸಿ ಕಥೆ ಹೇಳಿಸುವ ಕೆಟ್ಟ ಚಾಳಿ ಮಾತ್ರ ಬೇಡ.

ಹೆಸರಿನ ವಿಷಯವನ್ನು ಬಾಯಿಪಾಠವಾಗುವವರೆಗೆ ಅಭ್ಯಾಸ ಮಾಡಿಸಿ. ಕೈಪಟ್ಟಿಯಲ್ಲಿ ಒಂದು ಹೆಸರಿದ್ದು ರೋಗಿ ಹೇಳುವುದು ಇನ್ನೊಂದಾದರೆ, ಪ್ರಾರ್ಥನೆಯಲ್ಲಿ ಬರಬೇಕಾದದ್ದು ರೋಗಿ ಹೇಳಿದ್ದು. ಆದರೆ ನೋಡಲು ಬಂದವರ ಎದುರು ಯಾವ ಹೆಸರು ಹಿಡಿದು ಕರೆಯಬೇಕೆಂದು ಮೊದಲೇ, ಒಬ್ಬರೇ ಇರುವಾಗ ಕೇಳಿಕೊಳ್ಳಿ. ಮನೆಯಲ್ಲಿ ಇನ್ನೂ ತಿಳಿಸದವರ ಗುಟ್ಟು ನಿಮ್ಮ ಪ್ರಾರ್ಥನೆಯಲ್ಲಿ ಬಯಲಾದರೆ, ಮನೆಗೆ ಮರಳಿದ ಮೇಲೆ ಅದನ್ನು ಎದುರಿಸಬೇಕಾದವರು ಅವರು, ನೀವಲ್ಲ. ಬದುಕುವ ಭರವಸೆ ಇಲ್ಲದವರ ಬಳಿ, ಅವರು ಮಾತಿಗೆ ಸಿದ್ಧರಿದ್ದರೆ, ಅಂತ್ಯಕ್ರಿಯೆಯಲ್ಲಿ ಯಾವ ಹೆಸರು, ಯಾವ ಉಡುಪು, ತೀರ್ಮಾನ ಯಾರದು ಎಂದು ಕೇಳಿ, ಅವರ ಒಪ್ಪಿಗೆ ಪಡೆದು ಕಡತದಲ್ಲಿ ಬರೆಸಿ. ಪ್ರಜ್ಞೆ ತಪ್ಪಿದ ಮೇಲೆ ಕೇಳಲು ಯಾರಿರುತ್ತಾರೆ?

ಪ್ರಶ್ನೆ: ಲಿಂಗ ಬದಲಾವಣೆಯ ಆಪರೇಷನ್ ಆಗಿದೆಯೇ ಎಂದು ವಿಚಾರಿಸಬಹುದೇ?

ಕೂಡದು.

ಪ್ರಶ್ನೆ: ಟ್ರಾನ್ಸ್‌ಜೆಂಡರ್ ಆಗಿರುವುದನ್ನು ನನ್ನ ನಂಬಿಕೆ ಒಪ್ಪುವುದಿಲ್ಲ. ಏನು ಮಾಡಲಿ?

ಭೇಟಿಯನ್ನು ಸಹೋದ್ಯೋಗಿಗೆ ವಹಿಸಿ. ಕಾರಣವನ್ನು ಮೇಲ್ವಿಚಾರಕರಿಗೆ ಹೇಳಿ, ರೋಗಿಗಲ್ಲ.

ಪ್ರಶ್ನೆ: ಪ್ರಾರ್ಥನೆಯಿಂದ 'ಸರಿಮಾಡುತ್ತೇವೆ' ಎನ್ನುವವರನ್ನು ಮನೆಯವರೇ ಕರೆತಂದರೆ?

ಸರಿಮಾಡಲು ಅಲ್ಲಿ ಕಾಯಿಲೆಯೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಟ್ರಾನ್ಸ್‌ಜೆಂಡರ್ ಆಗಿರುವುದನ್ನು ಮಾನಸಿಕ ಅಸ್ವಸ್ಥತೆಗಳ ಅಧ್ಯಾಯದಿಂದ ಹೊರತೆಗೆದಿದೆ. ದೇವರ ಹೆಸರಿನಲ್ಲಿ ನಡೆಯುವ ಈ 'ಪರಿವರ್ತನಾ ಚಿಕಿತ್ಸೆ' ಶುದ್ಧ ಢೋಂಗಿ, ಜನರನ್ನು ಖಿನ್ನತೆಗೂ ಆತ್ಮಹತ್ಯೆಯ ಅಂಚಿಗೂ ತಳ್ಳುವಂಥದ್ದು. ರೋಗಿಗೆ ಬೇಡವಾದ ಭೇಟಿಯನ್ನು ನರ್ಸ್‌ಗೆ ಹೇಳಿ ತಕ್ಷಣ ನಿಲ್ಲಿಸಿ. ಆ ಹೊತ್ತಿನಲ್ಲಿ ಅವರಿಗೆ ಯಾರ ಪ್ರಾರ್ಥನೆಯೂ ಬೇಡವೆನಿಸಬಹುದು, ನಿಮ್ಮದನ್ನೂ ಹೇರಬೇಡಿ. ಇನ್ನು ಚಾಪ್ಲೇನ್ ಆಗಲು ಬಂದವರೇ ಇಂಥ ಕೆಲಸಕ್ಕೆ ಕೈಹಾಕಿದರೆ ಅವರ ಪ್ರಮಾಣಪತ್ರಕ್ಕೆ ನಾನು ಸಹಿ ಹಾಕುವುದಿಲ್ಲ.