ಕಿರುಗಾವಲು ಕ್ಷೇತ್ರ ಎಲ್ಲಿ ಹೋಯಿತು?

ಪ್ರಶ್ನೆ: ಮನೆಯ ಹಳೇ ಟ್ರಂಕಿನಲ್ಲಿ ಒಂದು ಕರಪತ್ರ ಸಿಕ್ಕಿತು. ‘ಕಿರುಗಾವಲು ವಿಧಾನಸಭಾ ಕ್ಷೇತ್ರದ ಮತದಾರ ಬಂಧುಗಳೇ’ ಎಂದು ಶುರುವಾಗುತ್ತದೆ. ನನ್ನ ವೋಟರ್ ಕಾರ್ಡಿನಲ್ಲಿರುವುದು ಮದ್ದೂರು. ಊರು ಇದ್ದಲ್ಲೇ ಇದೆ, ಕ್ಷೇತ್ರ ಎಲ್ಲಿ ಹೋಯಿತು? ಯಾರಾದರೂ ರಾಜಕೀಯ ಮಾಡಿ ತೆಗೆಸಿದರೇ?
– ಭಾರತೀನಗರದ ಓದುಗರು

ಉತ್ತರ: ಊರ ಕಟ್ಟೆಯ ಮೇಲೆ ಇದಕ್ಕೆ ಹತ್ತು ಕಾರಣ ಹೇಳುತ್ತಾರೆ. ಆದರೆ ಕಿರುಗಾವಲನ್ನು ತೆಗೆದದ್ದು ಮುಖ್ಯವಾಗಿ ಒಂದು ಭಾಗಾಕಾರ.

ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಮರುವಿಂಗಡಣಾ ಆಯೋಗ 2001ರ ಜನಗಣತಿಯನ್ನು ಹಿಡಿದು ಕ್ಷೇತ್ರಗಳ ಗಡಿ ಬರೆಯಿತು. ರಾಜ್ಯದ 224 ಸ್ಥಾನಗಳ ಒಟ್ಟು ಲೆಕ್ಕವನ್ನು ಮುಟ್ಟುವಂತಿರಲಿಲ್ಲ. ಇದ್ದದ್ದನ್ನೇ ಜಿಲ್ಲೆಗಳಿಗೆ ಹಂಚಬೇಕು. ಆಗ ಕರ್ನಾಟಕದ ಜನಸಂಖ್ಯೆ 5,28,50,562. ಅದನ್ನು 224ರಿಂದ ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸುಮಾರು 2.36 ಲಕ್ಷ ಜನ. ಮಂಡ್ಯ ಜಿಲ್ಲೆಯ 17,63,705 ಜನರನ್ನು ಇದರಿಂದ ಭಾಗಿಸಿ ನೋಡಿ: 7.47 ಬರುತ್ತದೆ. ಅಂದರೆ ಏಳು. ಅದೇ ಲೆಕ್ಕದಲ್ಲಿ 65.37 ಲಕ್ಷ ಜನರಿದ್ದ ಬೆಂಗಳೂರು ನಗರ ಜಿಲ್ಲೆಗೆ 27.7, ಸಿಕ್ಕಿದ್ದು 28.

ಹಿಂದಿನ ವಿಂಗಡಣೆ 1971ರ ಜನಗಣತಿಯದು. ಆಗ ರಾಜ್ಯದಲ್ಲಿ ಸುಮಾರು 2.93 ಕೋಟಿ, ಮಂಡ್ಯದಲ್ಲಿ 11.54 ಲಕ್ಷ ಜನ. ಭಾಗಿಸಿದರೆ 8.8, ಹಾಗಾಗಿ ಒಂಬತ್ತು: ಮಳವಳ್ಳಿ, ಮದ್ದೂರು, ಕಿರುಗಾವಲು, ಕೆರಗೋಡು, ಮಂಡ್ಯ, ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೃಷ್ಣರಾಜಪೇಟೆ. ಮಂಡ್ಯದ ಜನ ಈ ಮೂವತ್ತು ವರ್ಷದಲ್ಲಿ ಕಮ್ಮಿಯಾಗಲಿಲ್ಲ. ಬೆಂಗಳೂರು ಬೆಳೆದಷ್ಟು ಬೆಳೆಯಲಿಲ್ಲ, ಅಷ್ಟೆ. ಒಂಬತ್ತು ಏಳಾದಾಗ ಕಿರುಗಾವಲು, ಕೆರಗೋಡು ಎಂಬ ಹೆಸರುಗಳು ಪಟ್ಟಿಯಿಂದ ಬಿದ್ದವು, ಪಾಂಡವಪುರದ ಜಾಗದಲ್ಲಿ ಮೇಲುಕೋಟೆ ಬಂತು.

ಒಂದು ಮಾತು ಇಲ್ಲಿ ಹೇಳಲೇಬೇಕು. ಜಿಲ್ಲೆಯಲ್ಲಿ ಇನ್ನು ಆರು ಸಾವಿರದಷ್ಟು ಜನ ಹೆಚ್ಚಿದ್ದಿದ್ದರೆ ಆ 7.47 ಏಳೂವರೆ ದಾಟುತ್ತಿತ್ತು. ವಿಧಾನಸಭಾ ಕ್ಷೇತ್ರ ಜಿಲ್ಲೆಯ ಗಡಿ ದಾಟಬಾರದೆಂಬ ನಿಯಮ ಇದ್ದುದರಿಂದ ಉಳಿದ ಅರೆಪಾಲನ್ನು ಮೈಸೂರಿನ ಜೊತೆ ಸೇರಿಸಿ ಇನ್ನೊಂದು ಕ್ಷೇತ್ರ ಮಾಡಲೂ ಆಗಲಿಲ್ಲ. ಇಲ್ಲಿ ಎಣಿಸಿದ್ದು ಮತದಾರರನ್ನಲ್ಲ, ಎಳೆಗೂಸೂ ಸೇರಿದಂತೆ ಒಟ್ಟು ಜನರನ್ನು. ವೋಟರ್ ಲಿಸ್ಟ್ ಹಿಡಿದು ಲೆಕ್ಕ ಹಾಕುವವರು ಎಡವುವುದು ಇಲ್ಲೇ.

ನಿಮ್ಮ ಕ್ಷೇತ್ರದ ಊರುಗಳು ಮಳವಳ್ಳಿ ಮತ್ತು ಮದ್ದೂರಿನ ಪಾಲಾದವು. ಕಿರುಗಾವಲಿನಿಂದ ಗೆದ್ದಿದ್ದ ಡಿ.ಸಿ. ತಮ್ಮಣ್ಣ 2013 ಮತ್ತು 2018ರಲ್ಲಿ ಆಯ್ಕೆಯಾದದ್ದು ಮದ್ದೂರಿನಿಂದ. ಕರಪತ್ರ ಎಷ್ಟು ಹಳೆಯದೆಂದು ನೀವು ಬರೆದಿಲ್ಲ. ಅದರಲ್ಲಿ ಜಿ. ಮಾದೇಗೌಡರು ವಿಧಾನಸಭೆಯ ಅಭ್ಯರ್ಥಿಯಾಗಿದ್ದರೆ 1962–85ರ ನಡುವಿನದು. ಅವರು ಇಲ್ಲಿಂದ ಸತತ ಆರು ಸಲ ಗೆದ್ದು, 1989ರಲ್ಲಿ ಲೋಕಸಭೆಗೆ ಹೋದರು.

ಪ್ರಶ್ನೆ: ಗ್ರಾಮದ ಸ್ಮರಣ ಸಂಚಿಕೆಗೆ ನಮ್ಮ ಹಳೇ ಕ್ಷೇತ್ರ ಕೆರಗೋಡಿನ ಎಲ್ಲ ಚುನಾವಣೆಗಳ ಪಟ್ಟಿ ಮಾಡಬೇಕಿದೆ. ಎಲ್ಲಿಂದ ಶುರು ಮಾಡಲಿ?
– ಕೆರಗೋಡಿನ ಓದುಗರು

ಉತ್ತರ: ಚುನಾವಣಾ ಆಯೋಗದ ಜಾಲತಾಣದಲ್ಲಿ ಪ್ರತಿ ಸಾರ್ವತ್ರಿಕ ಚುನಾವಣೆಗೂ ಒಂದು ಅಂಕಿಅಂಶ ವರದಿ ಇದೆ. 1972ರವರೆಗಿನವು ‘ಕರ್ನಾಟಕ’ದ ಅಡಿ ಸಿಗುವುದಿಲ್ಲ, ‘ಮೈಸೂರು’ ಎಂದು ಹುಡುಕಿ. ರಾಜ್ಯಕ್ಕೆ ಹೆಸರು ಬದಲಾದದ್ದು 1973ರ ನವೆಂಬರ್ 1ಕ್ಕೆ. ಇಂಗ್ಲಿಷಿನಲ್ಲಿ ಊರ ಹೆಸರುಗಳನ್ನು ಮನಬಂದಂತೆ ಬರೆದಿದ್ದಾರೆ. ಅದಕ್ಕೇ ಹೆಸರು ಟೈಪ್ ಮಾಡಿ ಹುಡುಕುವುದಕ್ಕಿಂತ ಮಂಡ್ಯ, ಮದ್ದೂರು ಕ್ಷೇತ್ರಗಳಿರುವ ಪುಟಕ್ಕೆ ಹೋಗಿ ಅಕ್ಕಪಕ್ಕ ನೋಡುವುದು ಲೇಸು. ಕ್ಷೇತ್ರದ ಸಂಖ್ಯೆಯನ್ನೂ ನಂಬಬೇಡಿ, ಪ್ರತಿ ವಿಂಗಡಣೆಗೂ ಅದು ಬದಲಾಗುತ್ತದೆ.

ಒಂದೊಂದು ವರ್ಷಕ್ಕೂ ನಾಲ್ಕು ಅಂಕಿ ಬರೆದುಕೊಳ್ಳಿ: ನೋಂದಾಯಿತ ಮತದಾರರು, ಚಲಾವಣೆಯಾದ ಮತ, ತಿರಸ್ಕೃತ ಮತ, ಕ್ರಮಬದ್ಧ ಮತ. ಗೆದ್ದವರ ಶೇಕಡಾವಾರು ಲೆಕ್ಕವನ್ನು ಕ್ರಮಬದ್ಧ ಮತದ ಮೇಲೆ ಹಾಕಬೇಕು. ಠೇವಣಿ ಹೋಯಿತೇ ಉಳಿಯಿತೇ ಎಂಬುದಕ್ಕೂ ಅದೇ ಆಧಾರ: ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಂದಿರಬೇಕು. ಬ್ಯಾಲೆಟ್ ಪೇಪರ್ ಕಾಲದಲ್ಲಿ ತಿರಸ್ಕೃತ ಮತಗಳು ಸಾಕಷ್ಟಿರುತ್ತಿದ್ದವು. ಅವನ್ನು ಕಳೆಯದೆ ಲೆಕ್ಕ ಹಾಕಿದರೆ ಎಲ್ಲ ಶೇಕಡಾವಾರೂ ತಪ್ಪುತ್ತದೆ.

ಮುಖ್ಯವಾದದ್ದು ಗಡಿ. 1978, 1983, 1985, 1989, 1994, 1999, 2004 – ಈ ಏಳು ಚುನಾವಣೆ ಒಂದೇ ಗಡಿಯೊಳಗೆ ನಡೆದವು, ಒಂದನ್ನೊಂದು ಹೋಲಿಸಬಹುದು. 1967 ಮತ್ತು 1972 ಬೇರೆ ಜೋಡಿ. ಆಗ ರಾಜ್ಯದಲ್ಲಿ 216 ಸ್ಥಾನ. 1957 ಮತ್ತು 1962ರಲ್ಲಿ 208. ಹೆಸರು ಒಂದೇ ಎಂದು ಎಲ್ಲವನ್ನೂ ಒಂದೇ ಗೆರೆಯಲ್ಲಿ ಎಳೆದರೆ ‘ಪಕ್ಷಕ್ಕೆ ಮತ ಕುಸಿಯಿತು’ ಎಂದು ಕಾಣುವುದು ನಿಜಕ್ಕೂ ಹತ್ತಾರು ಊರು ಪಕ್ಕದ ಕ್ಷೇತ್ರಕ್ಕೆ ಹೋದದ್ದಿರಬಹುದು. ಸಂಚಿಕೆಯ ಪಟ್ಟಿಯಲ್ಲಿ 1972 ಮತ್ತು 1978ರ ನಡುವೆ ಒಂದು ದಪ್ಪ ಗೆರೆ ಹಾಕಿಬಿಡಿ.

1985ರಿಂದ 1989ಕ್ಕೆ ಮತದಾರರ ಸಂಖ್ಯೆ ಒಮ್ಮೆಲೇ ಜಿಗಿದಂತೆ ಕಂಡರೆ ಅಚ್ಚಿನ ತಪ್ಪೆಂದು ತಿದ್ದಬೇಡಿ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ.

ಉಪಚುನಾವಣೆಗಳು ಈ ವರದಿಗಳಲ್ಲಿ ಇರುವುದಿಲ್ಲ, ಬೇರೆಯಾಗಿ ಹುಡುಕಬೇಕು. ಚಾಮುಂಡೇಶ್ವರಿಯಲ್ಲಿ 2006ರಲ್ಲಿ ಸಿದ್ದರಾಮಯ್ಯ 257 ಮತಗಳಿಂದ ಗೆದ್ದದ್ದು ಮೈಸೂರು ಸೀಮೆಯಲ್ಲಿ ಎಲ್ಲರಿಗೂ ಬಾಯಿಪಾಠ. 2004 ಮತ್ತು 2008ರ ವರದಿ ಎರಡನ್ನೂ ತಿರುವಿಹಾಕಿದರೂ ಆ ಅಂಕಿ ಸಿಗದು.

ಮತಗಟ್ಟೆವಾರು ವಿವರ ಬೇಕಿದ್ದರೆ ಕೇಳಬೇಕಾದದ್ದು ಫಾರಂ 20. 2004ರಲ್ಲಿ ಎಲ್ಲ ಕಡೆ ಇವಿಎಂ ಬಂತು, ಹಾಗಾಗಿ ಕೆರಗೋಡಿನ ಕೊನೆಯ ಚುನಾವಣೆಗೆ ಇದು ಉಪಯೋಗಕ್ಕೆ ಬರುತ್ತದೆ. ಅದಕ್ಕೂ ಹಿಂದೆ ಹಲವು ಮತಗಟ್ಟೆಗಳ ಚೀಟಿಗಳನ್ನು ಬೆರೆಸಿ ಎಣಿಸುವ ಪದ್ಧತಿಯೂ ಇದ್ದುದರಿಂದ ‘ನಮ್ಮೂರಲ್ಲಿ ಇವರಿಗೇ ಲೀಡು’ ಎಂಬ ಮಾತುಗಳನ್ನು ಅಚ್ಚು ಹಾಕುವ ಮುಂಚೆ ಎರಡು ಸಲ ಯೋಚಿಸಿ.

ಪ್ರಶ್ನೆ: ಕೊಪ್ಪ ಇರುವುದು ಮದ್ದೂರು ತಾಲ್ಲೂಕಿನಲ್ಲಿ. ಶಾಸಕರು ಮಾತ್ರ ನಾಗಮಂಗಲದವರು. ಇದು ತಪ್ಪಲ್ಲವೇ?
– ಕೊಪ್ಪದ ಓದುಗರು

ಉತ್ತರ: ತಪ್ಪಲ್ಲ. ಜಿಲ್ಲೆಯ ಗಡಿ ದಾಟಬಾರದು, ತಾಲ್ಲೂಕಿನದು ದಾಟಬಹುದು. ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯೂ ಹೀಗೆಯೇ ಮೇಲುಕೋಟೆ ಕ್ಷೇತ್ರದಲ್ಲಿದೆ. ಪಹಣಿಗೆ ಒಂದು ಊರು, ಶಾಸಕರ ಕಚೇರಿಗೆ ಇನ್ನೊಂದು ಊರು ಅಲೆಯುವ ಕಷ್ಟ ಇದ್ದದ್ದೇ.

ಪ್ರಶ್ನೆ: ಬನ್ನೂರು ಕ್ಷೇತ್ರವೂ ಈಗಿಲ್ಲ. ಅದಿರಲಿ, ನಮ್ಮಜ್ಜ ‘ಒಂದೇ ಎಲೆಕ್ಷನ್ನಲ್ಲಿ ಎರಡು ವೋಟು ಹಾಕಿದ್ದೆ’ ಎನ್ನುತ್ತಿದ್ದರು. ಕಳ್ಳವೋಟೇ?
– ಬನ್ನೂರಿನ ಓದುಗರು

ಉತ್ತರ: ಬನ್ನೂರು ಹೋದರೂ ಮೈಸೂರು ಜಿಲ್ಲೆಗೆ ನಷ್ಟವಾಗಲಿಲ್ಲ. 2001ರ ಲೆಕ್ಕದಲ್ಲಿ 11.19 ಬಂದು 11 ಸ್ಥಾನವೇ ಉಳಿಯಿತು. ಹೊಸದಾಗಿ ಪಟ್ಟಿ ಸೇರಿದ ಹೆಸರು ವರುಣಾ.

ಅಜ್ಜನ ಮೇಲೆ ಅನುಮಾನ ಬೇಡ. 1952 ಮತ್ತು 1957ರಲ್ಲಿ ದ್ವಿಸದಸ್ಯ ಕ್ಷೇತ್ರಗಳಿದ್ದವು. ಅಲ್ಲಿ ಪ್ರತಿ ಮತದಾರನಿಗೂ ಎರಡು ಮತ, ಎರಡನ್ನೂ ಒಬ್ಬರಿಗೇ ಹಾಕುವಂತಿಲ್ಲ. ಮೀಸಲು ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರನ್ನು ಮೊದಲು ಆರಿಸಿ, ಆಮೇಲೆ ಉಳಿದ ಎಲ್ಲರಲ್ಲಿ ಮುಂದಿದ್ದವರಿಗೆ ಎರಡನೇ ಸ್ಥಾನ ಕೊಡುತ್ತಿದ್ದರು. 1952ರಲ್ಲಿ ಮೈಸೂರು ಲೋಕಸಭಾ ಕ್ಷೇತ್ರ ಹೀಗೇ ಇಬ್ಬರನ್ನು ಕಳಿಸಿತು: ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಎಂ.ಎಸ್. ಗುರುಪಾದಸ್ವಾಮಿ ಮತ್ತು ಕಾಂಗ್ರೆಸ್ಸಿನ ಎನ್. ರಾಚಯ್ಯ. ಇಂಥ ಕ್ಷೇತ್ರಗಳ ವರದಿಯಲ್ಲಿ ಮತದಾರರಿಗಿಂತ ಮತಗಳೇ ಜಾಸ್ತಿ ಕಂಡರೆ ಗಾಬರಿ ಬೀಳಬೇಕಿಲ್ಲ. 1961ರ ಕಾಯ್ದೆ ಈ ಪದ್ಧತಿಯನ್ನು ತೆಗೆದುಹಾಕಿತು. 1962ರಲ್ಲಿ ನಿಮ್ಮಜ್ಜ ವಿಧಾನಸಭೆಗೊಂದು, ಲೋಕಸಭೆಗೊಂದು ವೋಟು ಹಾಕಿರುತ್ತಾರೆ.