ರಾಜಕೀಯ ಮನೆತನದ ಅಳಿಯನಾಗುವ ವರದಿಗಾರ ರಾಜಕೀಯ ವರದಿಗಾರಿಕೆಯನ್ನು ಬಿಡಬೇಕೇ?

ಮಡಿಕೇರಿಯಲ್ಲಿ ವರದಿಗಾರರಾಗಿರುವ ನೀವು, ರಾಜಕೀಯ ಮನೆತನದಲ್ಲಿ ಸಂಬಂಧ ಕೂಡಿಬಂದಿರುವುದರಿಂದ ಇನ್ನು ಮುಂದೆ ಕ್ರೀಡೆ, ಸಂಸ್ಕೃತಿಯ ಸುದ್ದಿಗಳನ್ನಷ್ಟೇ ಬರೆದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. 2012ರಲ್ಲಿ ಇದೇ ಊರಿನಲ್ಲಿ, ಇದೇ ಕೆಲಸದಲ್ಲಿದ್ದಾಗ ನಾನೂ ಅಂಥದೇ ಮನೆಯ ಅಳಿಯನಾದೆ.

ಮಾವನವರು ಜಿಲ್ಲಾ ಪಂಚಾಯಿತಿಯಲ್ಲಿದ್ದರು. 'ಈ ಸುದ್ದಿ ಬೇಡ' ಎಂದು ಅವರು ಎಂದಾದರೂ ಹೇಳಿಯಾರು ಎಂಬುದೊಂದೇ ನನಗಿದ್ದ ಭಯ. ಅವರು ಒಮ್ಮೆಯೂ ಹೇಳಲಿಲ್ಲ. ಸುಗ್ಗಿಯ ಹಬ್ಬವಾದ ಹುತ್ತರಿಗೆ, ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಎಲ್ಲರೂ ಸೇರಿದಾಗಲೂ ನನ್ನೆದುರು ಪತ್ರಿಕೆಯ ಮಾತೆತ್ತುತ್ತಿರಲಿಲ್ಲ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳು ಜರಿದ ಮೇಲೆ ರಸ್ತೆ ಬದಿಯ ತಡೆಗೋಡೆ ಕಾಮಗಾರಿಗಳು ಶುರುವಾದವು. ಮರುವರ್ಷದ ಬೇಸಿಗೆಯಲ್ಲಿ ವೃದ್ಧ ಬೆಳೆಗಾರರೊಬ್ಬರು ಮಾಹಿತಿ ಹಕ್ಕಿನಡಿ ಪಡೆದ ಕಾಗದಗಳನ್ನು ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು ನನ್ನ ಕಚೇರಿಗೆ ತಂದರು. ಅವರ ಊರಿನ ತಡೆಗೋಡೆಗೆ ಅಂದಾಜುಪಟ್ಟಿಯಲ್ಲಿದ್ದಷ್ಟು ಆಳದ ಪಾಯ ತೆಗೆದಿರಲಿಲ್ಲ. ಗೋಡೆಯ ಹಿಂದೆ ನಿಲ್ಲುವ ನೀರು ಹೊರಬರಲು ಪೈಪುಗಳನ್ನೂ ಇಟ್ಟಿರಲಿಲ್ಲ. ಗುತ್ತಿಗೆದಾರ ನನ್ನ ಮಾವನವರ ತಂಗಿಯ ಮಗ.

ವರದಿ ಬರೆದೆ. ಕಳುಹಿಸುವ ಮುನ್ನ, ಗುತ್ತಿಗೆದಾರನ ಹೆಸರೂ ಅವನ ಸಂಬಂಧವೂ ಇದ್ದ ಒಂದು ವಾಕ್ಯವನ್ನು ಅಳಿಸಿದೆ. ಮನೆಯ ಜಗಳವನ್ನು ಪತ್ರಿಕೆಗೆ ತಂದನೆಂದು ಜನ ಆಡಿಕೊಳ್ಳುತ್ತಾರೆ, ಮುಖ್ಯವಾದದ್ದು ಲೋಪವೇ ಹೊರತು ಹೆಸರಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. 'ಕಳಪೆ ಕಾಮಗಾರಿ: ಗ್ರಾಮಸ್ಥರ ಆರೋಪ' ಎಂದು ಒಳಪುಟದಲ್ಲಿ ಬಂದ ಆ ಸುದ್ದಿಗೆ ಯಾರೂ ಉತ್ತರಿಸಬೇಕಾಗಿ ಬರಲಿಲ್ಲ. ಮಳೆಗಾಲದಲ್ಲಿ ಗೋಡೆ ಕುಸಿದು, ಊರಿನ ರಸ್ತೆ ಹನ್ನೊಂದು ದಿನ ಮುಚ್ಚಿತು.

ಆ ವಾಕ್ಯ ಅಳಿಸಿದ್ದೇ ನನ್ನ ತಪ್ಪು ಎಂದು ಬಹಳ ಕಾಲ ನಂಬಿದ್ದೆ. ನಿಜವಾದ ತಪ್ಪು ಅದಕ್ಕೂ ಎರಡು ದಿನ ಮೊದಲಿನದು. ಕಾಗದದಲ್ಲಿ ಆ ಹೆಸರು ಕಂಡ ಕೂಡಲೇ ಬೆಂಗಳೂರಿನ ಕಚೇರಿಗೆ ಫೋನ್ ಮಾಡಿ, 'ಇವನು ನನಗೆ ಸಂಬಂಧಿಕ, ಈ ವರದಿಯನ್ನು ಬೇರೆಯವರಿಗೆ ವಹಿಸಿ' ಎಂದು ಹೇಳಬೇಕಿತ್ತು, ಹೇಳಲಿಲ್ಲ. ಸಂಪಾದಕರು ನನ್ನ ಮದುವೆಗೆ ಬಂದು ಹರಸಿದವರು, ಅವರಿಗೆ ಎಲ್ಲವೂ ಗೊತ್ತು ಎಂದುಕೊಂಡೆ. ಅವರಿಗೆ ಗೊತ್ತಿದ್ದದ್ದು ನನ್ನ ಮಾವ ಯಾರು ಎಂಬುದಷ್ಟೇ. ಮಾವನವರ ತಂಗಿಯ ಮಗ ಯಾವ ಕಾಮಗಾರಿ ಹಿಡಿದಿದ್ದಾನೆಂದು ದೂರದಲ್ಲಿ ಕುಳಿತವರಿಗೆ ತಿಳಿಯುವುದು ಹೇಗೆ? ಅಂದು ಹೇಳಿದ್ದರೆ ಅಳಿಸುವುದೋ ಉಳಿಸುವುದೋ ಎಂಬ ಪ್ರಶ್ನೆಯೇ ನನ್ನೆದುರು ಬರುತ್ತಿರಲಿಲ್ಲ. ಹೇಳದೆ ಉಳಿದದ್ದರಿಂದ, ಆ ವಾಕ್ಯವನ್ನು ಉಳಿಸಿದ್ದರೂ ಅದು ಅಳಿಯನೊಬ್ಬ ಗುಟ್ಟಾಗಿ ಕೈಗೊಂಡ ತೀರ್ಮಾನವೇ ಆಗುತ್ತಿತ್ತು.

ಗೋಡೆ ಬಿದ್ದ ಮೇಲೆ ಆ ಬೆಳೆಗಾರರು ಬಂದು ಕಾಗದಗಳನ್ನು ವಾಪಸು ಕೇಳಿದರು. ಬೆರಳನ್ನು ನಾಲಿಗೆಗೆ ತಾಗಿಸಿ ಒಂದೊಂದೇ ಹಾಳೆ ಎಣಿಸಿ, ಅದೇ ಚೀಲದಲ್ಲಿ ಸುತ್ತಿಕೊಂಡು ಹೊರಟುಹೋದರು. ಆಮೇಲೆ ಆ ಊರಿನಿಂದ ಯಾರೂ ನನ್ನ ಬಳಿಗೆ ಒಂದು ಅರ್ಜಿಯನ್ನೂ ತರಲಿಲ್ಲ. ವಿಷಯ ತಿಳಿದಾಗ ಹೆಂಡತಿ, 'ಅಪ್ಪ ಹೇಳಿದರೇ?' ಎಂದು ಕೇಳಿದಳು. ಇಲ್ಲ ಎಂದೆ. ಆ ದಿನದಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.

ಕ್ರೀಡೆ, ಸಂಸ್ಕೃತಿಗೆ ಹೋದರೆ ನೀವು ತಪ್ಪಿಸಿಕೊಳ್ಳಲಾರಿರಿ. 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾದ ಕೊಡವ ಹಾಕಿ ಹಬ್ಬದ ವೇದಿಕೆಯಲ್ಲೂ, ಮಡಿಕೇರಿ ದಸರಾದಲ್ಲಿ ಮೆರವಣಿಗೆ ಹೊರಡುವ ದಶಮಂಟಪಗಳ ಮುಂದೆಯೂ ರಾಜಕಾರಣಿಗಳು ಇದ್ದೇ ಇರುತ್ತಾರೆ. ದಸರಾಕ್ಕೆ ಸರ್ಕಾರ ಎಷ್ಟು ಅನುದಾನ ಕೊಟ್ಟಿತು ಎಂಬುದೇ ಪ್ರತಿವರ್ಷ ದೊಡ್ಡ ಸುದ್ದಿ. ಎರಡೇ ವಿಧಾನಸಭಾ ಕ್ಷೇತ್ರಗಳಿರುವ ಈ ಜಿಲ್ಲೆಯಲ್ಲಿ ರಾಜಕೀಯ ಸೋಕದ ಪುಟವಿಲ್ಲ. ಕೆಲಸ ಬಿಡುವುದಂತೂ ಬೇಡವೇ ಬೇಡ.

ಹುಡುಗಿಯ ಜೊತೆ ಕುಳಿತು, ಆ ಮನೆತನದಲ್ಲಿ ಯಾರು ಯಾವ ಹುದ್ದೆಯಲ್ಲಿದ್ದಾರೆ, ಯಾರು ಗುತ್ತಿಗೆ ಹಿಡಿಯುತ್ತಾರೆ, ಯಾರಿಗೆ ರೆಸಾರ್ಟ್ ಇದೆ ಎಂಬುದನ್ನೆಲ್ಲ ಬರೆದಿಡಿ. ಆಕೆಗೆ ಇದು ಹಿಡಿಸದಿದ್ದರೆ ಅದೂ ಮದುವೆಗೆ ಮೊದಲೇ ತಿಳಿಯಲಿ. ಪ್ರತಿ ಚುನಾವಣೆಯ ನಂತರ ಆ ಪಟ್ಟಿಯನ್ನು ತಿದ್ದಿ ಮತ್ತೆ ಸಂಪಾದಕರಿಗೆ ಕೊಡಿ. ಅವರು 'ಇದೆಲ್ಲ ಏಕೆ' ಎಂದರೂ ಬಿಡಬೇಡಿ. ಮೊದಲ ಪ್ರತಿಯನ್ನು ಲಗ್ನಪತ್ರಿಕೆ ಕೊಡಲು ಹೋಗುವ ದಿನವೇ ಒಯ್ಯಿರಿ.